ಅಗಲದ ಸ್ಕೀ ಕೊಳ್ಳುವ ಮುನ್ನ ಅದರ ನಡು ನೋಡಿ

ಅಡಿಕೆ ಹಾಳೆಯ ಮೇಲೆ ಕೂತು ದರೆಯಿಂದ ಜಾರಿದ ಮಲೆನಾಡಿನ ಮಕ್ಕಳಿಗೆ ಸ್ಕೀಯ ಮೊದಲ ಪಾಠ ಆಗಲೇ ಆಗಿರುತ್ತದೆ. ಅಗಲದ ಹಾಳೆ ಕೆಸರಿನಲ್ಲೂ ಹೂತುಕೊಳ್ಳದೆ ತೇಲಿ ಹೋಗುತ್ತದೆ, ಆದರೆ ತಿರುಗು ಎಂದರೆ ತಿರುಗುವುದಿಲ್ಲ. ಹಿಮದಲ್ಲೂ ಲೆಕ್ಕ ಇಷ್ಟೇ. ಅಂಗಡಿಯಲ್ಲಿ ಮಾತ್ರ ಮೊದಲರ್ಧವನ್ನಷ್ಟೇ ಹೇಳುತ್ತಾರೆ.

ಕೊಡಚಾದ್ರಿ, ಕುಂದಾದ್ರಿ ಹತ್ತಿಳಿದು ಕಾಲು ಗಟ್ಟಿಯಾದ ಶಿವಮೊಗ್ಗದ ಚಾರಣಿಗರು ಜನವರಿಯಿಂದ ಮಾರ್ಚ್‌ವರೆಗೆ ಗುಲ್ಮಾರ್ಗ್, ಔಲಿ, ಸೋಲಂಗ್ ಕಡೆ ಹೋಗಿ ಸ್ಕೀ ಕಲಿಯುವುದುಂಟು. ಈ ಲೇಖನ ಕೋರ್ಸು ಮುಗಿಸಿ, ಬೇಕೆಂದಲ್ಲಿ ತಿರುಗಿ ನಿಲ್ಲಬಲ್ಲವರಿಗೆ. ಮೊದಲ ಸಲ ಹೋಗುವವರು ಬಾಡಿಗೆಗೆ ತಗೊಳ್ಳಿ. ಮೊದಲ ವರ್ಷ ಹಿಡಿಸಿದ ಸ್ಕೀ ಎರಡನೇ ವರ್ಷ ಹಿಡಿಸುವುದು ಅಪರೂಪ.

ಇನ್ನೊಂದು ಮಾತು: ಬಜೆಟ್ಟಿನಲ್ಲಿ ಮೊದಲ ಪಾಲು ಬೂಟಿಗೆ ಎತ್ತಿಡಿ. ಬೂಟಿನೊಳಗೆ ಹಿಮ್ಮಡಿ ಎದ್ದರೆ ಎಂಥ ಸ್ಕೀಯೂ ಹೇಳಿದ ಮಾತು ಕೇಳದು. ಬೂಟು ಪಕ್ಕಾ ಆದ ಮೇಲೆ ಸ್ಕೀ, ಆಮೇಲೆ ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್.

ಅಗಲ ಎಂದರೆ ಎಲ್ಲಿಯ ಅಗಲ?

ಸ್ಕೀಯ ಮೇಲೆ 130-98-118 ಎಂಬಂತೆ ಮೂರು ಸಂಖ್ಯೆ ಅಚ್ಚಾಗಿರುತ್ತದೆ. ಮೊದಲನೆಯದು ಮೂತಿ, ಕೊನೆಯದು ಬಾಲ, ನಡುವಿನದು ಬೂಟಿನ ಕೆಳಗಿನ ಅಗಲ. ಎಲ್ಲವೂ ಮಿಲಿಮೀಟರ್‌ನಲ್ಲಿ. ‘98ರ ಸ್ಕೀ’ ಎಂದು ಕರೆಯುವುದು ಈ ನಡುವಿನ ಸಂಖ್ಯೆಯನ್ನು ಹಿಡಿದು.

ಯಂತ್ರ ಹಾಯಿಸಿ ಸಮ ಮಾಡಿದ ಇಳಿಜಾರಿನಲ್ಲೇ ಹೆಚ್ಚು ಹೊತ್ತು ಕಳೆಯುವುದಾದರೆ 80ರಿಂದ 90 ಸಾಕು. ಗುಲ್ಮಾರ್ಗ್‌ನಲ್ಲಿ ಗೊಂಡೋಲಾದ (ಕೇಬಲ್ ಕಾರಿನ) ಎರಡನೇ ಹಂತ ಹತ್ತಿ ಅಫರ್ವತ್‌ನ ಪುಡಿಹಿಮದಲ್ಲಿ ಇಳಿಯುವವರಿಗೆ 105ರಿಂದ 112 ಹಿತ. ಸಮ ಮಾಡಿದ ಜಾಗ, ಮರಗಳ ನಡು, ಹೊಸ ಹಿಮ, ನಡುನಡುವೆ ಕಾಲ್ಬಲದಲ್ಲೇ ಮೇಲೇರುವ ಬ್ಯಾಕ್‌ಕಂಟ್ರಿ, ಎಲ್ಲಕ್ಕೂ ಒಂದೇ ಜೊತೆ ಬೇಕೆನ್ನುವವರು 95ರಿಂದ 104ರ ಒಳಗೆ ಹುಡುಕಲಿ. ವರ್ಷಕ್ಕೆ ಹತ್ತು ದಿನ ಹೋಗುವ ಮಲೆನಾಡಿಗರಿಗೆ 98 ಅಥವಾ 100ರ ಸ್ಕೀಯೇ ಸರಿ ಎಂಬುದು ನಮ್ಮ ಅಭಿಪ್ರಾಯ. ಎರಡು ಜೊತೆ ಹೊತ್ತುಕೊಂಡು ಬೆಂಗಳೂರಿನ ಮೇಲೆ ಶ್ರೀನಗರಕ್ಕೆ ಹೋಗುವ ಕಷ್ಟ ಯಾರಿಗೆ ಬೇಕು?

ಇನ್ನೂ ಅಗಲ ಇದ್ದರೆ ತಪ್ಪೇನು? 85ರ ಸ್ಕೀಯಲ್ಲಿ ಪಾದದ ನಡುಗೆರೆಯಿಂದ ಉಕ್ಕಿನ ಅಂಚಿಗೆ 42.5 ಮಿ.ಮೀ. ದೂರ. 110ರದರಲ್ಲಿ 55 ಮಿ.ಮೀ. ಗಟ್ಟಿ ಹಿಮದ ಓರೆಯಲ್ಲಿ ಒಂದು ಅಂಚಿನ ಮೇಲೆ ನಿಂತಾಗ ಆ ಹೆಚ್ಚುವರಿ ದೂರ ಸನ್ನೆಕೋಲಿನ ಹಾಗೆ ಕಣಕಾಲನ್ನೂ ಮಂಡಿಯನ್ನೂ ತಿರುಚುತ್ತದೆ. ಒಂದು ಅಂಚಿನಿಂದ ಇನ್ನೊಂದಕ್ಕೆ ಹೊರಳುವುದೂ ನಿಧಾನ. ಮಧ್ಯಾಹ್ನದ ಹೊತ್ತಿಗೆ ಮಂಡಿ ನೋಯುತ್ತದೆ ಎನ್ನುವವರು ತಮ್ಮ ಕಾಲನ್ನು ಬೈಯುವ ಮೊದಲು ಸ್ಕೀಯ ನಡು ನೋಡಲಿ.

ತೇಲುವುದಕ್ಕೆ ಅಗಲದ ಜೊತೆ ಉದ್ದವೂ ಸೇರುತ್ತದೆ. ಉದ್ದ 170ರಿಂದ 180 ಸೆಂ.ಮೀ.ಗೆ ಹೋದರೆ ತಳದ ವಿಸ್ತೀರ್ಣ ಸುಮಾರು ಶೇ 6 ಏರುತ್ತದೆ. ಸರಾಸರಿ 115 ಮಿ.ಮೀ. ಅಗಲದ ಸ್ಕೀಗೆ ಉದ್ದಕ್ಕೂ 15 ಮಿ.ಮೀ. ಕೂಡಿಸಿದರೆ ಶೇ 13. ನೀವು 85 ಕಿಲೋ ತೂಗಿ, ಬೆನ್ನಿಗೆ 10 ಕಿಲೋ ಚೀಲವನ್ನೂ ಹೊರುವುದಾದರೆ 60 ಕಿಲೋದ ಗೆಳೆಯನಿಗೆ ಒಗ್ಗಿದ ಸ್ಕೀ ನಿಮ್ಮ ಕೆಳಗೆ ಹೂತುಹೋಗುತ್ತದೆ.

ಉದ್ದ: ಸ್ಕೀಯನ್ನು ನೆಟ್ಟಗೆ ನಿಲ್ಲಿಸಿದರೆ ತುದಿ ಮೂಗಿನಿಂದ ನೆತ್ತಿಯೊಳಗೆ ಬರಬೇಕು. 170 ಸೆಂ.ಮೀ. ಎತ್ತರದವರಿಗೆ ಸುಮಾರು 155ರಿಂದ 170. ಹತ್ತುವುದು ಹೆಚ್ಚಿದ್ದರೆ ಗಿಡ್ಡದರ ಕಡೆಗೆ ವಾಲಿ. ಕಡಿದಾದಲ್ಲಿ ಒಂದು ಕಾಲೆತ್ತಿ ದಿಕ್ಕು ಬದಲಿಸುವಾಗ ಉದ್ದ ಬಾಲ ಹಿಮಕ್ಕೆ ಸಿಕ್ಕಿ ಮುಗ್ಗರಿಸುವುದು ಮಾಮೂಲು.

ಎರಡನ್ನೂ ತಳಕ್ಕೆ ತಳ ಜೋಡಿಸಿ

ಮಾರುವವರ ಮಾತಿಗಿಂತ ಕೈಯ ಪರೀಕ್ಷೆ ಮೇಲು. ಎರಡು ಸ್ಕೀಗಳನ್ನೂ ತಳಕ್ಕೆ ತಳ ತಾಗುವಂತೆ ಹಿಡಿದು ಬೆಳಕಿಗೆ ಅಡ್ಡ ಹಿಡಿಯಿರಿ. ನಡುವೆ ಕೆಲವು ಮಿ.ಮೀ. ಸಂದು ಕಾಣುತ್ತದೆ. ಇದು ಕ್ಯಾಂಬರ್. ಗಟ್ಟಿ ಹಿಮದಲ್ಲಿ ಅಂಚಿನ ಹಿಡಿತ ಬರುವುದು ಇದರಿಂದ. ಈಗ ನಡುವನ್ನು ಒಂದೇ ಕೈಯಲ್ಲಿ ಹಿಸುಕಿ ಸಂದು ಮುಚ್ಚಿ. ಮೂತಿಗಳು ಹಕ್ಕಿಯ ಕೊಕ್ಕು ತೆರೆದ ಹಾಗೆ ಬಿಚ್ಚಿಕೊಳ್ಳುತ್ತವೆ. ಬಿಚ್ಚಿಕೊಳ್ಳುವ ಜಾಗದಿಂದ ತುದಿಯವರೆಗಿನದು ರಾಕರ್, ಹಿಮದ ಮೇಲಕ್ಕೆ ಮೂತಿ ಎತ್ತಿ ಕೊಡುವ ಭಾಗ. ಎಲ್ಲ ಕಡೆ ಓಡಿಸುವ ಸ್ಕೀಗೆ ಮುಂದೆ 20ರಿಂದ 35 ಸೆಂ.ಮೀ. ರಾಕರ್, ನಡುವೆ ಕ್ಯಾಂಬರ್, ಹಿಂದೆ ಅತಿ ಸ್ವಲ್ಪ ಏರಿಕೆ ಚೆನ್ನ. ಹಿಸುಕುವ ಮೊದಲೇ ನಡುವೆ ಸಂದಿಲ್ಲದಿದ್ದರೆ ಅದು ಆಳದ ಪುಡಿಹಿಮಕ್ಕೆಂದೇ ಮಾಡಿದ್ದು. ಹತ್ತುವಾಗ ಅದರ ತಳಕ್ಕೆ ಅಂಟಿಸುವ ರೋಮದ ಪಟ್ಟಿ, ಅಂದರೆ ಸ್ಕಿನ್, ಹಿಮಕ್ಕೆ ಪೂರ್ತಿ ತಾಗುವುದಿಲ್ಲ.

ಬಾಲದ ಆಕಾರವನ್ನೂ ನೋಡಿ. ಮುಂದೆ ಹಿಂದೆ ಎರಡೂ ಕಡೆ ಗುಂಡಗೆ ಮೇಲೆದ್ದಿದ್ದರೆ ಸ್ಕಿನ್ನಿನ ಹಿಂದಿನ ಕ್ಲಿಪ್ಪು ಜಾರುತ್ತದೆ. ಚಪ್ಪಟೆ ಬಾಲ ಅಥವಾ ಕಚ್ಚು ಇರುವ ಬಾಲ ಒಳ್ಳೆಯದು.

ತೂಕದ ಚೌಕಾಸಿ

180 ಸೆಂ.ಮೀ. ಆಸುಪಾಸಿನ ಒಂದೊಂದು ಸ್ಕೀ 1,500ರಿಂದ 1,800 ಗ್ರಾಂ ಇದ್ದರೆ ಹತ್ತಲೂ ಇಳಿಯಲೂ ಒಪ್ಪುತ್ತದೆ. 1,300ಕ್ಕಿಂತ ಹಗುರಾದದ್ದು ಹತ್ತುವಾಗ ಸುಖ ಕೊಟ್ಟು, ಕರಗಿ ಮತ್ತೆ ಗಡ್ಡೆಕಟ್ಟಿದ ಹಿಮದಲ್ಲಿ ಇಳಿಯುವಾಗ ಕಟಕಟ ನಡುಗುತ್ತದೆ. 2,000 ದಾಟಿದರೆ ಇಳಿಯುವಾಗ ರೈಲಿನಷ್ಟು ನೆಟ್ಟಗೆ ಹೋಗುತ್ತದೆ, ಹತ್ತುವಾಗ ಶಾಪ ಹಾಕಿಸುತ್ತದೆ. ಒಳಗಿನ ಮರ ಯಾವುದೆಂದು ಕೇಳಿ. ಪಾಲೋನಿಯಾ ತೀರಾ ಹಗುರ, ಪಾಪ್ಲರ್ ಮಧ್ಯಮ, ಆ್ಯಶ್ ಮತ್ತು ಬೀಚ್ ಭಾರ ಮತ್ತು ಗಟ್ಟಿ. ಹಗುರದ ಮರದ ನಡುವೆ, ಬೈಂಡಿಂಗ್ ಕೂರುವಲ್ಲಿ, ಗಟ್ಟಿ ಮರದ ಪಟ್ಟಿ ಸೇರಿಸಿರದಿದ್ದರೆ ಸ್ಕ್ರೂ ಕಿತ್ತು ಬರುವ ಭಯವಿದೆ.

ಬೈಂಡಿಂಗ್, ಬ್ರೇಕ್, ಸ್ಕಿನ್

ಸಾಮಾನ್ಯ ಆಲ್ಪೈನ್ ಬೈಂಡಿಂಗ್‌ನಲ್ಲಿ ಹಿಮ್ಮಡಿ ಏಳದು, ಆದ್ದರಿಂದ ಹತ್ತಲಾಗದು. ಪಿನ್ ಬೈಂಡಿಂಗ್ ಬೂಟಿನ ಮುಂತುದಿಯನ್ನು ಎರಡು ಮೊಳೆಗಳಲ್ಲಿ ಹಿಡಿಯುತ್ತದೆ. ತೀರಾ ಹಗುರ, ಆದರೆ ಬೂಟಿನಲ್ಲಿ ಅದಕ್ಕೆಂದೇ ಲೋಹದ ಕುಳಿಗಳಿರಬೇಕು. ಮೂರನೆಯದು ಹೈಬ್ರಿಡ್. ಹತ್ತುವಾಗ ಪಿನ್, ಇಳಿಯುವಾಗ ಆಲ್ಪೈನ್‌ನ ಹಿಡಿತ, ಒಂದೊಂದೂ 900 ಗ್ರಾಂ ಆಸುಪಾಸು. ಲಿಫ್ಟ್ ಮತ್ತು ಚಾರಣ ಅರ್ಧರ್ಧ ಇರುವವರಿಗೆ ಇದೇ ಸೂಕ್ತ.

ಬ್ರೇಕಿನ ಅಗಲ ಸ್ಕೀಯ ನಡುವಿಗೆ ಸಮ ಅಥವಾ 15 ಮಿ.ಮೀ.ವರೆಗೆ ಹೆಚ್ಚು ಇರಲಿ. ಕಡಿಮೆಯಾದರೆ ಬ್ರೇಕಿನ ಕಾಲುಗಳು ಅಂಚಿಗೆ ಸಿಕ್ಕಿ ಕೆಳಗಿಳಿಯುವುದಿಲ್ಲ. ಕಳಚಿದ ಸ್ಕೀ ನಿಮ್ಮನ್ನು ಬಿಟ್ಟು ಕಣಿವೆ ಸೇರುತ್ತದೆ. ತೀರಾ ಹೆಚ್ಚಾದರೆ ವಾಲಿದಾಗ ಹಿಮಕ್ಕೆ ತಾಗಿ ಎಳೆಯುತ್ತದೆ.

ಬಾಗಿಲಿಗೆ ಕೀಲು ಕೂರಿಸುವ ನಿಮ್ಮೂರ ಬಡಗಿ ಎಷ್ಟೇ ನುರಿತವರಿರಲಿ, ಬೈಂಡಿಂಗ್ ಕೂರಿಸಲು ಅವರಿಗೆ ಕೊಡಬೇಡಿ. ತೂತಿನ ಅಳತೆ ಸಾಮಾನ್ಯವಾಗಿ ಸ್ಕೀಯ ಮೇಲೆಯೇ ಇರುತ್ತದೆ: 3.5 ಅಥವಾ 4.1 ಮಿ.ಮೀ. ವ್ಯಾಸ, 9 ಮಿ.ಮೀ. ಆಳ. ಎರಡು ಮಿ.ಮೀ. ಹೆಚ್ಚು ಕೊರೆದರೆ ತಳಕ್ಕೇ ತಾಗಬಹುದು. ಬಿದ್ದಾಗ ಬೂಟು ಎಷ್ಟು ಬಲಕ್ಕೆ ಕಳಚಬೇಕೆಂಬ ಮೌಲ್ಯವನ್ನೂ ತೂಕ, ಎತ್ತರ, ವಯಸ್ಸು, ಬೂಟಿನ ತಳದ ಉದ್ದ, ಓಡಿಸುವ ರೀತಿ ಎಲ್ಲ ಕೇಳಿ ತಂತ್ರಜ್ಞರೇ ಕೂರಿಸಬೇಕು.

ಇನ್ನು ಸ್ಕಿನ್, ಹತ್ತುವಾಗ ಅಂಟಿಸುವ ಆ ರೋಮದ ಪಟ್ಟಿ. ಮೋಹೇರ್ (ಅಂಗೋರಾ ಆಡಿನ ರೋಮ) ಚೆನ್ನಾಗಿ ಜಾರುತ್ತದೆ, ನೈಲಾನ್ ಚೆನ್ನಾಗಿ ಹಿಡಿಯುತ್ತದೆ ಮತ್ತು ಬಾಳಿಕೆ ಬರುತ್ತದೆ. ಎರಡೂ ಬೆರೆತದ್ದು ತಗೊಳ್ಳಿ. ಕತ್ತರಿಸುವಾಗ ಎರಡೂ ಬದಿ 2 ಮಿ.ಮೀ. ಉಕ್ಕಿನ ಅಂಚು ಹೊರಗೆ ಕಾಣುವಂತೆ ಬಿಡಿ. ಅಂಚು ಮುಚ್ಚಿದರೆ ಓರೆಯಲ್ಲಿ ಜಾರುತ್ತೀರಿ. ಹಿಮಕುಸಿತದಲ್ಲಿ ಹೂತವರನ್ನು ಪತ್ತೆಹಚ್ಚುವ ಬೀಕನ್, ಹಿಮಕ್ಕೆ ಚುಚ್ಚಿ ಹುಡುಕುವ ಪ್ರೋಬ್ ಕೋಲು, ಸಲಿಕೆ, ಇವನ್ನು ಬಳಸಲು ಬಲ್ಲ ಜೊತೆಗಾರರು ಇಲ್ಲದೆ ಬ್ಯಾಕ್‌ಕಂಟ್ರಿ ಬೇಡ.

ಹಳೆಯದು ಕೊಳ್ಳುವುದಾದರೆ ಮೊದಲು ತೂತು ಎಣಿಸಿ. ಹೊಸ ತೂತು ಹಳೆಯದರಿಂದ ಕನಿಷ್ಠ 1 ಸೆಂ.ಮೀ. ದೂರ ಬರಬೇಕು. ಎರಡು ಸಲ ಬೈಂಡಿಂಗ್ ಬದಲಾಯಿಸಿದ ಸ್ಕೀಯಲ್ಲಿ ಜಾಗವೇ ಸಿಗದಿರಬಹುದು. ತಳದ ಗೀರು ತುಂಬಿಸಬಹುದು. ಅಂಚು ಒಳಗಿನಿಂದ ಕಿತ್ತು ಎದ್ದಿದ್ದರೆ, ಪದರ ಬಿಟ್ಟು ಉಗುರು ಒಳಹೋಗುತ್ತಿದ್ದರೆ ಎಷ್ಟು ಅಗ್ಗವಾದರೂ ಬೇಡ.

ಮಳೆಗಾಲದ ಕಾವಲು

ಹಿಮದ ಊರಿನ ಕೈಪಿಡಿಗಳು ಹೇಳದ ತೊಂದರೆ ನಮ್ಮದು. ಮಾರ್ಚ್‌ನಲ್ಲಿ ತಂದ ಸ್ಕೀ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗುಂಬೆ, ಹೊಸನಗರದ ಥಂಡಿಯಲ್ಲಿ ಕೂರಬೇಕು. ಮೇ ಮುಗಿಯುವ ಮೊದಲೇ ಅಂಚು ಒರೆಸಿ ಒಣಗಿಸಿ, ಬಿಸಿ ಇಸ್ತ್ರಿಯಿಂದ ತಳಕ್ಕೂ ಅಂಚಿಗೂ ದಪ್ಪಗೆ ಮೇಣ ಕರಗಿಸಿ ಹಚ್ಚಿ, ಹೆರೆಯದೆ ಹಾಗೇ ಬಿಡಿ. ಮೇಣ ಹೊಗೆಯಾಡಿದರೆ ಕಾವು ಹೆಚ್ಚಾಯಿತೆಂದೇ ಅರ್ಥ. ಪ್ಲಾಸ್ಟಿಕ್ ಸುತ್ತಬೇಡಿ, ತೇವ ಒಳಗೇ ಉಳಿಯುತ್ತದೆ. ಅಡುಗೆಮನೆಯ ಅಟ್ಟವೂ, ಕಾಯುವ ಹೆಂಚಿನ ಕೆಳಗೂ ಬೇಡ. ಎರಡನ್ನೂ ನಡುವೆ ಬಿಗಿದು ಕಟ್ಟಿದರೆ ಕ್ಯಾಂಬರ್ ಸಾಯುತ್ತದೆ, ಸಡಿಲ ಪಟ್ಟಿ ಸಾಕು. ಬೂಟಿನ ಒಳಪದರ ಹೊರತೆಗೆದು ಒಣಗಿಸಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಸ್ಕಿನ್ನಿನ ಅಂಟು ಅಂಟಿಗೇ ತಾಗದಂತೆ ನಡುವೆ ಬಲೆಬಟ್ಟೆ ಇಟ್ಟು ಮಡಚಿ.

ಗಣಪತಿ ಹಬ್ಬದ ಹೊತ್ತಿಗೆ ಒಮ್ಮೆ ತೆಗೆದು ನೋಡಿ. ಅಂಚಿನುದ್ದಕ್ಕೆ ಎಲೆಅಡಿಕೆ ಉಗುಳಿದ ಹಾಗೆ ಕೆಂಪು ಗೆರೆ ಮೂಡಿದ್ದರೆ ರಬ್ಬರಿನ ಸಾಣೆಕಲ್ಲಿನಿಂದ ಉದ್ದಕ್ಕೆ ಉಜ್ಜಿ ಮತ್ತೆ ಮೇಣ ಹಚ್ಚಿ. ಉಜ್ಜಿದ ಮೇಲೂ ಉಗುರಿಗೆ ಗುಳಿ ತಾಕಿದರೆ ತುಕ್ಕು ಒಳಗೆ ಇಳಿದಿದೆ. ಆ ಅಂಚನ್ನು ಸ್ಕೀ ಅಂಗಡಿಯಲ್ಲಿ ಸಾಣೆ ಹಿಡಿಸಬೇಕು, ಅದೂ ಡಿಸೆಂಬರ್ ನೂಕುನುಗ್ಗಲಿಗೆ ಮೊದಲು.