ಮೂರು ಮನೆ ಶ್ರುತಿ, ನಾನು ಮತ್ತು ನನ್ನ ಪಕ್ಕದ ಹುಡುಗ

ನನಗೆ ಈಗ 61 ವರ್ಷ. ಮೈಸೂರಲ್ಲೇ ಹುಟ್ಟಿ ಬೆಳೆದೋಳು, ಹೈಸ್ಕೂಲಲ್ಲಿ ಗಣಿತ ಪಾಠ ಮಾಡಿ ರಿಟೈರ್ ಆದೆ. ಎರಡು ವರ್ಷದಿಂದ ನಮ್ಮ ಬಡಾವಣೆಯ ಗಾಯನ ತಂಡದಲ್ಲಿ ಹಾಡ್ತಿದೀನಿ. ಒಟ್ಟು 36 ಜನ ಇದೀವಿ, ಅದ್ರಲ್ಲಿ ಅರ್ಧಕ್ಕಿಂತ ಜಾಸ್ತಿ ಹೈಸ್ಕೂಲು, ಪಿಯುಸಿ, ಇಂಜಿನಿಯರಿಂಗು ಅಂತ ಓದ್ತಿರೋ ಮಕ್ಕಳು, ಉಳಿದೋರು ನನ್ನ ಥರದೋರು. ಭಾನುವಾರ ಸಾಯಂಕಾಲ ನಾಲ್ಕು ಗಂಟೆಗೆ ಒಂದು ಸ್ಕೂಲಿನ ವೆರಾಂಡಾದಲ್ಲಿ ಪ್ರಾಕ್ಟೀಸು. ಭಾನುವಾರ ಯಾರಾದ್ರೂ ಮದುವೆ ಮುಂಜಿ ಅಂತ ಕರೆದ್ರೆ ನಾನೀಗ ಬೆಳಗ್ಗೇನೇ ಹೋಗಿ ಮುಖ ತೋರಿಸಿ ಊಟ ಮುಗಿಸ್ಕೊಂಡು ಮೂರೂವರೆಗೆ ಆಟೋ ಹತ್ತಿ ಬಂದ್ಬಿಡ್ತೀನಿ, ಅಷ್ಟು ಹಚ್ಚಿಕೊಂಡಿದೀನಿ ಇದನ್ನ.

ಸ್ವಲ್ಪ ಹಿಂದಿಂದ ಹೇಳ್ಬೇಕು. ಚಿಕ್ಕೋಳಿದ್ದಾಗ ಕರ್ನಾಟಕ ಸಂಗೀತ ಕಲಿತಿದ್ದೆ, ಜೂನಿಯರ್ ಪರೀಕ್ಷೆವರೆಗೂ. ಕಾಲೇಜಲ್ಲಿದ್ದಾಗ ಯಾದವಗಿರಿಯ ಆಕಾಶವಾಣಿಗೆ ಹೋಗಿ ಯುವವಾಣಿಗೆ ಗುಂಪಲ್ಲಿ ಹಾಡಿದೀನಿ. ಆಕಾಶವಾಣಿ ಅನ್ನೋ ಹೆಸರು ಹುಟ್ಟಿದ್ದೇ ನಮ್ಮೂರಲ್ಲಿ, 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೇಲೇ ರೇಡಿಯೋ ಕೇಂದ್ರ ಶುರು ಮಾಡಿದ್ರು ಅಂತ ನಮ್ಮಪ್ಪ ಪ್ರತಿ ಸಲ ಬಸ್ ಸ್ಟಾಪಲ್ಲಿ ಬಿಡೋವಾಗ ಹೇಳೋರು. ಸ್ಟುಡಿಯೋದಲ್ಲಿ ಒಂದೇ ಮೈಕು, ಅದರ ಸುತ್ತ ಎಂಟು ಜನ ನಿಂತ್ಕೊಳ್ಳೋದು, ದನಿ ಜೋರಿರೋರು ಎರಡು ಹೆಜ್ಜೆ ಹಿಂದೆ. ನಾನು ಯಾವಾಗ್ಲೂ ಹಿಂದೆ ನಿಲ್ತಿದ್ದೆ. ಆಗ ನನ್ನ ಶ್ರುತಿ ಐದೂವರೆ ಮನೆ (ಮನೆ ಅಂದ್ರೆ ಹಾರ್ಮೋನಿಯಂ ಲೆಕ್ಕದಲ್ಲಿ ಹಾಡೋ ಎತ್ತರ, ಸಂಖ್ಯೆ ಜಾಸ್ತಿ ಆದಷ್ಟೂ ಶ್ರುತಿ ಮೇಲೆ), ಅದೊಂದು ಹೆಮ್ಮೆ ನನಗೆ.

ಐವತ್ತು ದಾಟ್ತಿದ್ದಂಗೆ ಆ ಐದೂವರೆ ಕೈಬಿಟ್ಟು ಹೋಯ್ತು. ನೆಂಟರ ಮನೆ ಗೃಹಪ್ರವೇಶದಲ್ಲಿ ಹಾಡಕ್ಕೆ ಕೂರಿಸಿದ್ರು, ಹಾರ್ಮೋನಿಯಂನೋರು ಎಷ್ಟು ಮನೆ ಅಂದ್ರು, ಐದೂವರೆ ಅಂದೆ ಅಭ್ಯಾಸಬಲದಿಂದ, ತಾರಸ್ಥಾಯಿಗೆ ಹೋದಾಗ ದನಿ ಎರಡು ಹೋಳಾಯ್ತು, ಎದುರಿಗೆ ಕೂತಿದ್ದೋರು ತಟ್ಟೆ ಲೋಟ ನೋಡ್ಕೊಂಡು ಕೂತ್ರು. ಆಮೇಲೆ ಒಂಬತ್ತು ವರ್ಷ ನಾನು ಯಾರ ಮುಂದೇನೂ ಹಾಡಲಿಲ್ಲ, ದೇವರ ಮನೇಲಿ ಕೂಡ ತುಟಿ ಅಲ್ಲಾಡಿಸ್ತಿದ್ದೆ ಅಷ್ಟೆ. ಗಂಟಲು ಡಾಕ್ಟ್ರು ಒಬ್ರು ಆಮೇಲೆ ವಿವರಿಸಿ ಹೇಳಿದ್ರು, ಮುಟ್ಟು ನಿಂತ ಮೇಲೆ ಹಾರ್ಮೋನು ಬದಲಾಗತ್ತೆ, ಗಂಟಲಲ್ಲಿರೋ ಸ್ವರತಂತುಗಳು ದಪ್ಪ ಆಗ್ತವೆ, ದನಿ ಕೆಳಗಿಳಿಯತ್ತೆ, ಇದು ಕಾಯಿಲೆ ಅಲ್ಲಮ್ಮಾ ಅಂತ. ಕೇಳಿ ಸಮಾಧಾನ ಆಯ್ತು, ಆದ್ರೆ ಹಾಡೋ ಧೈರ್ಯ ಬರಲಿಲ್ಲ.

ನನ್ನನ್ನ ತಂಡಕ್ಕೆ ಎಳ್ಕೊಂಡು ಹೋಗಿದ್ದು ಕೆಳಗಿನ ಮನೆ ಬಾಡಿಗೆಯೋರ ಮಗಳು, ಬಿಕಾಂ ಎರಡನೇ ವರ್ಷ. ನಾನು ಪಾತ್ರೆ ತೊಳೀತಾ ಗುನುಗ್ತಿದ್ದಿದ್ದು ಬಚ್ಚಲಿನ ಕಿಟಕಿಯಿಂದ ಕೇಳಿಸ್ತಿತ್ತಂತೆ ಅವಳಿಗೆ. "ಆಂಟಿ, ನಮ್ಮಲ್ಲಿ ಕೆಳಗಿನ ದನಿಯೋರೇ ಇಲ್ಲ, ಬನ್ನಿ ಆಂಟಿ ಪ್ಲೀಸ್" ಅಂದ್ಲು. ಕೆಳಗಿನ ದನಿ ಬೇಕು ಅಂತ ಯಾರಾದ್ರೂ ಕೇಳ್ತಾರೆ ಅಂತ ನಾನು ಅಂದ್ಕೊಂಡೇ ಇರಲಿಲ್ಲ!

ಯಾಕೆ ಬೇಕಿತ್ತು ಅನ್ನೋದು ಹೋದ ಮೊದಲ ದಿನವೇ ಗೊತ್ತಾಯ್ತು, ಹಾಡೋರಿಗೆ ಉಪಯೋಗ ಆಗ್ಬಹುದು ಅಂತ ಬಿಡಿಸಿ ಬರೀತೀನಿ. ಗಂಡಸರು ಸಾಮಾನ್ಯವಾಗಿ ಒಂದು, ಒಂದೂವರೆ ಮನೇಲಿ ಹಾಡ್ತಾರೆ, ಹೆಂಗಸರು ಐದು, ಐದೂವರೆ. ಇಬ್ಬರೂ ಒಟ್ಟಿಗೆ ಒಂದೇ ಹಾಡು ಹಾಡ್ಬೇಕು ಅಂದ್ರೆ ಯಾರದೋ ಒಬ್ಬರ ಗಂಟಲಿಗೆ ಕಷ್ಟ. ನಮ್ಮ ಮಿಸ್ಸು ಮೂರು ಮನೆಗೆ ಇಟ್ರು, ಮಕ್ಕಳ ಭಾಷೇಲಿ ಇ ಸ್ಕೇಲು. (ನಾನು ಒಂದೂವರೆ ಅಂದ್ರೆ ಅವು ಸಿ ಶಾರ್ಪ್ ಅಂತಾವೆ, ನಾಲ್ಕು ಅಂದ್ರೆ ಎಫ್ ಅಂತಾವೆ, ಈಗ ನನ್ನ ಪುಸ್ತಕದ ಕೊನೇ ಪುಟದಲ್ಲಿ ಎರಡನ್ನೂ ಎದುರುಬದುರು ಬರ್ಕೊಂಡಿದೀನಿ.) ಮೂರು ಮನೆಗೆ ಇಟ್ಟಾಗ ಮೇಲಿನ ಸಾಲುಗಳು ಹುಡುಗೀರಿಗೆ ಸಲೀಸು, ಆದ್ರೆ ಸಾಲು ಷಡ್ಜದ, ಅಂದ್ರೆ ಕೆಳಗಿನ ಸಾ ಸ್ವರದ, ಹತ್ರ ಇಳೀತಿದ್ದಂಗೆ ಅವರ ದನಿ ಗಾಳಿ ಆಗೋಗತ್ತೆ, ಅಲ್ಲಿ ಹುಡುಗರ ದನಿ ಒಂದೇ ಕೇಳಿಸೋದು. ಆ ಜಾಗದಲ್ಲೇ ನನ್ನ ದನಿ ಇತ್ತು. ಒಂಬತ್ತು ವರ್ಷ ನಾನು ಬಚ್ಚಿಟ್ಟುಕೊಂಡಿದ್ದ ದನಿ. ಮಿಸ್ಸು "ಅಮ್ಮಾ, ಸಾ ಹಿಡೀರಿ" ಅಂದ್ರು, ಹಿಡಿದೆ, ಫೋನಲ್ಲಿ ತಂಬೂರಿ ಆಪ್ ಹಾಕಿದ್ರು, ಅದರ ಜೊತೆ ನನ್ನ ಸಾ ಹೋಗಿ ಕೂತ್ಕೊಂಡಿತು, ಅಲುಗಾಡಲಿಲ್ಲ. "ಇಲ್ಲೇ ಇರಿ, ಎಲ್ಲೂ ಹೋಗ್ಬೇಡಿ" ಅಂದ್ರು ಅವರು. ಕಣ್ಣಲ್ಲಿ ನೀರು ಬಂತು ನನಗೆ, ಮುಚ್ಚಿಡೋದೇನಿದೆ.

ನನ್ನ ಪಕ್ಕ ನಿಲ್ಲಿಸಿದ್ದು ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗನ್ನ. ಆ ವರ್ಷ ತಾನೇ ಅವನ ದನಿ ಒಡೀತಿತ್ತು. ಹಿಂದಿನ ವರ್ಷದ ತನಕ ತಂಡದಲ್ಲಿ ಎಲ್ಲರಿಗಿಂತ ಮೇಲೆ ಹಾಡ್ತಿದ್ದನಂತೆ, ಈಗ ಮೇಲೂ ಹೋಗಲ್ಲ, ಗಂಡಸರಷ್ಟು ಕೆಳಗೂ ಹೋಗಲ್ಲ, ಮಧ್ಯದಲ್ಲಿ ಐದಾರು ಸ್ವರ ಮಾತ್ರ ನೆಟ್ಟಗೆ ಬರ್ತವೆ. ಆ ಐದಾರು ಸ್ವರ ಸರಿಯಾಗಿ ನಾನು ಹಾಡೋ ಜಾಗವೇ. ಹಂಗಾಗಿ ಆಗ 59ರ ನಾನು, 14ರ ಅವನು, ಒಂದೇ ಸಾಲನ್ನ ಒಂದೇ ಎತ್ತರದಲ್ಲಿ ಹಾಡ್ತಿದ್ವಿ. ಮೊದಲೆರಡು ವಾರ ಅವನು ನನ್ನ ಕಡೆ ತಿರುಗಿಯೂ ನೋಡಲಿಲ್ಲ, ದನಿ ಕೀಚಲು ಬಂದ ಕೂಡ್ಲೇ ಬಾಯಿ ಮುಚ್ಚಿಕೊಂಡು ನೆಲ ನೋಡೋನು. ನನಗೆ ಗೊತ್ತಿತ್ತು ಆ ನೆಲ ನೋಡೋದು ಏನು ಅಂತ.

ಆ ಸಲ ರಾಜ್ಯೋತ್ಸವಕ್ಕೆ ನಾಡಗೀತೆ ನಮ್ಮದೇ ಅಂತ ತೀರ್ಮಾನ ಆಗಿತ್ತು. ಕುವೆಂಪು ಅವರ ಈ ಗೀತೆ ನಾಡಗೀತೆ ಆಗಿದ್ದು 2004ರಲ್ಲಿ, ಆದ್ರೆ ಯಾವ ಧಾಟಿ, ಎಷ್ಟು ಹೊತ್ತು ಅನ್ನೋದು ತುಂಬಾ ವರ್ಷ ಗಟ್ಟಿ ಆಗಿರಲಿಲ್ಲ, ಒಂದೊಂದು ಕಡೆ ಒಂದೊಂದು ಥರ ಹಾಡೋರು, ಎಳೆದೂ ಎಳೆದೂ ಹಾಡಿದ್ರೆ ವಯಸ್ಸಾದೋರಿಗೆ ನಿಲ್ಲಕ್ಕಾಗ್ತಿರಲಿಲ್ಲ. ನಮ್ಮ ಮೈಸೂರಿನ ಎಚ್.ಆರ್. ಲೀಲಾವತಿಯವರ ಸಮಿತಿ ವರದಿ ಕೊಟ್ಟ ಮೇಲೆ 2022ರಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿಯವರ ಧಾಟಿ, 2 ನಿಮಿಷ 30 ಸೆಕೆಂಡು ಅಂತ ಆದೇಶ ಮಾಡ್ತು. ಪೂರ್ತಿ ಪಠ್ಯ, ಆಲಾಪ ಇಲ್ಲ, ಸಾಲು ಎರಡೆರಡು ಸಲ ಹೇಳಂಗಿಲ್ಲ. ಹೇಳಕ್ಕೆ ಸುಲಭ. ಒಬ್ಬ ಹುಡುಗ ಫೋನಲ್ಲಿ ಸ್ಟಾಪ್‌ವಾಚ್ ಇಟ್ಕೊಂಡು ಕೂತ, ಮೊದಲನೇ ಸಲ ಹಾಡಿದಾಗ 3 ನಿಮಿಷ 10 ಸೆಕೆಂಡು ಬಂತು. ಇನ್ನೂ ಸ್ಪೀಡಾಗಿ ಹಾಡ್ಬೇಕು ಅಂತ ಎಲ್ಲರೂ ಓಡಿಸಿದ್ವಿ, ಪದ ನುಂಗಿ ಹೋಯ್ತು, ಆದ್ರೂ ಮೂರು ನಿಮಿಷದ ಹತ್ರವೇ. ಆಗ ಆ ಸ್ಟಾಪ್‌ವಾಚ್ ಹುಡುಗ ರೆಕಾರ್ಡಿಂಗ್ ಕೇಳಿಸಿ ತೋರಿಸ್ದ, ಹಾಡ್ತಿರೋ ವೇಗ ಸರಿಯಾಗೇ ಇದೆ, ಹೊತ್ತು ಹೋಗ್ತಿರೋದು ಸಾಲಿಂದ ಸಾಲಿಗೆ ಹೋಗೋ ಮಧ್ಯದ ಸಂದಿಯಲ್ಲಿ. ನಾವು ಹಳೇ ಜನ ಪ್ರತಿ ಸಾಲಿನ ಕೊನೇ ಅಕ್ಷರ ಎಳೆದು, ಆರಾಮಾಗಿ ಉಸಿರು ತಗೊಂಡು, ಆಮೇಲೆ ಮುಂದಿನ ಸಾಲು ಎತ್ತಿಕೊಳ್ತಿದ್ವಿ. ಪ್ರತಿ ಸಂದಿಯಲ್ಲಿ ಒಂದೆರಡು ಸೆಕೆಂಡು, ಸಾಲೆಷ್ಟು ಲೆಕ್ಕ ಹಾಕಿ ನೋಡಿ, ಗಣಿತದ ಮೇಷ್ಟ್ರು ನನಗೇ ಹೊಳೆದಿರಲಿಲ್ಲ ಅದು. ತುಂಬಾ ಖುಷಿ ಆಯ್ತು ಆ ಹುಡುಗನ್ನ ನೋಡಿ, ಅವತ್ತೇ ಬೆನ್ನು ತಟ್ಟಿ ಹೇಳ್ದೆ.

ಸಂದಿ ಮುಚ್ಚಕ್ಕೆ ಮಿಸ್ಸು ಉಸಿರನ್ನ ಹಂಚಿದ್ರು. ಒಬ್ಬೊಬ್ಬರೇ ಹಾಡೋವಾಗ ಸಾಲು ಮುಗಿದ ಮೇಲೆ ಉಸಿರು ತಗೋತೀವಲ್ಲ, ಗುಂಪಲ್ಲಿ ಎಲ್ಲರೂ ಅಲ್ಲೇ ತಗೊಂಡ್ರೆ ಹಾಡಿಗೆ ತೂತು ಬೀಳತ್ತೆ. ಅದಕ್ಕೆ ಪಕ್ಕಪಕ್ಕದ ಇಬ್ಬರು ಒಂದೇ ಜಾಗದಲ್ಲಿ ಉಸಿರು ತಗೋಬಾರ್ದು, ನಾನು ಸಾಲಿನ ಮಧ್ಯದಲ್ಲಿ ತಗೊಂಡ್ರೆ ಆ ಹುಡುಗ ಕೊನೇಲಿ. ನಾನು ಉಸಿರು ಎಳ್ಕೊಳ್ಳೋ ಅರ್ಧ ಕ್ಷಣ ಅವನು ಹಾಡ್ತಿರ್ತಾನೆ, ಅವನು ಎಳ್ಕೊಳ್ಳೋವಾಗ ನಾನು. ಎರಡು ಮೂರು ವಾರ ಎಡವಟ್ಟಾಯ್ತು, ಆಮೇಲೆ ಒಂದು ದಿನ ಗೊತ್ತೇ ಆಗದಂಗೆ ಅದು ಕೂಡಿಬಂತು. ಅವನ ಭುಜ ಎಷ್ಟು ಮೇಲೆ ಹೋಗತ್ತೆ, ಉಸಿರು ತಗೊಳ್ಳೋ ಮುಂಚೆ ಅವನು ಬಲಗೈ ಬೆರಳು ಹೆಂಗೆ ಮಡಚ್ತಾನೆ, ಅದೆಲ್ಲ ನನಗೆ ಕಣ್ಣಂಚಲ್ಲೇ ತಿಳಿಯತ್ತೆ. ಮಾತು ಇನ್ನೂ ಅಷ್ಟಾಗಿ ಆಡಿರಲಿಲ್ಲ ನಾವು. ಆದ್ರೆ ಅವನ ಉಸಿರಿನ ಲೆಕ್ಕ ನನಗೆ ಬಾಯಿಪಾಠ, ನನ್ನದು ಅವನಿಗೆ. ಈ ಸುಖನ ಒಬ್ಬಳೇ ಕೂತು ಎಷ್ಟು ಕೀರ್ತನೆ ಹಾಡಿದ್ರೂ ನಾನು ಕಂಡಿರಲಿಲ್ಲ.

ಇನ್ನೊಂದು ನಾನು ಕಲಿತಿದ್ದು ಅಂದ್ರೆ ಗಮಕ ಬಿಡೋದು. ನನಗೆ ಚಿಕ್ಕಂದಿನಿಂದ ಸ್ವರ ತೂಗಿ ಹಾಡೋ ಅಭ್ಯಾಸ, ಅದನ್ನ 36 ಜನ ಅವರವರ ಥರ ತೂಗಿದ್ರೆ ಶ್ರುತಿ ಕಲಸುಮೇಲೋಗರ ಆಗೋಗತ್ತೆ. ನೇರವಾಗಿ ನಿಲ್ಲಿಸ್ಬೇಕು ಸ್ವರನ. ಕನ್ನಡದ ಪದಗಳು ಬಹುತೇಕ ಅ, ಇ, ಉ ಥರದ ಸ್ವರಾಕ್ಷರದ ದನಿಯಲ್ಲೇ ಮುಗೀತಾವಲ್ಲ, ಅದರಿಂದ ಕೊನೇ ಅಕ್ಷರ ಎಲ್ಲಿ ಬಿಡ್ಬೇಕು ಅನ್ನೋದು ಎಲ್ಲರಿಗೂ ಒಂದೇ ಆಗ್ಬೇಕು, ಇಲ್ದಿದ್ರೆ ಬಾಲ ನೇತಾಡತ್ತೆ. ಆದ್ರೆ ಒತ್ತಕ್ಷರ ಎಲ್ಲರೂ ಒಟ್ಟಿಗೆ ತಾಳದ ಮೇಲೆ ಇಟ್ರೆ ಏನು ಗಟ್ಟಿತನ ಬರತ್ತೆ ಗೊತ್ತಾ, ಮೈ ಜುಂ ಅನ್ನತ್ತೆ. ಇಲ್ಲಿ ಮಾತ್ರ ನಾನು ಮಕ್ಕಳಿಗೆ ಹೇಳಿಕೊಟ್ಟೆ, ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ಳ ಲ ಆಗ್ತಿತ್ತು, ಹಕಾರ ಹಾರಿ ಹೋಗ್ತಿತ್ತು, ಪ್ರಾಕ್ಟೀಸಿಗೆ ಮುಂಚೆ ಹತ್ತು ನಿಮಿಷ ಹಾಡಿನ ಪದ ಬರೀ ಓದಿಸ್ತೀನಿ, ರಾಗ ಇಲ್ದೆ. ಅರ್ಥ ಕೇಳ್ತಾವೆ ಆಗ. ಅರ್ಥ ತಿಳಿದ ಮೇಲೆ ಅವೇ ಸಾಲನ್ನ ಬೇರೆ ಥರ ಹಾಡ್ತಾವೆ.

ಮಕ್ಕಳು ನನಗೆ ಹೇಳಿಕೊಟ್ಟಿದ್ದು ಪಾರ್ಟ್ಸು. ಒಂದೇ ಹಾಡಿಗೆ ಎರಡು ಮೂರು ಸ್ವರಸಾಲು, ಏಕಕಾಲಕ್ಕೆ. ನಮ್ಮ ಸಂಗೀತದಲ್ಲಿ ನಾವು ಹಂಗೆ ಕಲಿತೋರಲ್ಲ, ಎಲ್ಲ ಒಂದೇ ಗೆರೆ ಮೇಲೆ. ಮೋಹನ ರಾಗದ ಒಂದು ಜಾನಪದ ಗೀತೆ ತಗೊಂಡು ಶುರು ಮಾಡಿದ್ವಿ. ಮೋಹನದಲ್ಲಿ ಐದೇ ಸ್ವರ, ಒಂದರ ಪಕ್ಕ ಒಂದು ಅಂಟ್ಕೊಂಡಿರೋ ಅರ್ಧ ಸ್ವರ ಎಲ್ಲೂ ಇಲ್ಲ, ಅದಕ್ಕೇ ಎರಡು ಸಾಲು ಒಟ್ಟಿಗೆ ಬಂದ್ರೂ ಕಿವಿಗೆ ಕುಟುಕಲ್ಲ. ಹುಡುಗೀರು ಹಾಡಿನ ಸಾಲು, ನಾವು ಕೆಳಗೆ ಸಾ ದಿಂದ ಪಾ ಗೆ, ಪಾ ದಿಂದ ದಾ ಗೆ ನಿಧಾನಕ್ಕೆ ನಡೆಯೋದು. ಮೊದಲು ನನ್ನ ಕಿವಿ ಹುಡುಗೀರ ಸಾಲಿಗೇ ಹೋಗಿ ಅಂಟ್ಕೊಳ್ತಿತ್ತು. ಬಿಕಾಂ ಹುಡುಗಿ ನನ್ನ ಸಾಲನ್ನ ಕೀಬೋರ್ಡಲ್ಲಿ ನುಡಿಸಿ ವಾಟ್ಸಾಪಲ್ಲಿ ಕಳಿಸಿದ್ಲು, ಒಂದು ಕಿವೀಗೆ ಇಯರ್‌ಫೋನ್ ಹಾಕ್ಕೊಂಡು ಚಪಾತಿ ಲಟ್ಟಿಸ್ತಾ ಹತ್ತು ದಿನ ಹಾಡ್ಕೊಂಡೆ. ಹನ್ನೊಂದನೇ ದಿನ ಹುಡುಗೀರ ಹಾಡು ನನ್ನ ತಲೆ ಮೇಲೆ ಹಕ್ಕಿ ಹಾರಿದಂಗೆ ಹೋಗ್ತಾ ಇತ್ತು, ನಾನು ನನ್ನ ಪಾಡಿಗೆ ನೆಲದ ಮೇಲೆ ನಡೀತಾ ಇದ್ದೆ.

ನವೆಂಬರ್ 1. ಬಡಾವಣೆಯ ಪಾರ್ಕಲ್ಲಿ ಶಾಮಿಯಾನ, ತಾಯಿ ಭುವನೇಶ್ವರಿ ಫೋಟೋ, ಹಳದಿ ಕೆಂಪು ಬಾವುಟ. ಮುಂದಿನ ಸಾಲಿನೋರಿಗೆ ಮಾತ್ರ ಮೈಕು. ಹಾಡಿನ ಎರಡನೇ ಸಾಲು ಹಾಡ್ತಿದ್ದಂಗೆ ಮೈಕು ಕುಂಯ್ ಅಂತು, ಮುಂದಿದ್ದ ಹುಡುಗೀರು ಬೆಚ್ಚಿ ಅರ್ಧ ಸ್ವರ ಮೇಲೆ ಹೋಗ್ಬಿಟ್ರು. ನಾವು ಹಿಂದಿನೋರು ಸರಿಯಾದ ಶ್ರುತಿಯಲ್ಲೇ ಇದ್ವಿ. ಹಳೇ ನಾನಾಗಿದ್ರೆ ಸರಿ ಇರೋದು ನನ್ನದು ಅಂತ ಬಿಗಿಯಾಗಿ ಹಿಡ್ಕೊಂಡು ನಿಲ್ತಿದ್ದೆ. ಅವತ್ತು ಬಿಟ್ಟೆ, ಅವರ ಜೊತೆ ಮೇಲೆ ಹೋದೆ. 36 ಜನ ಒಂದೇ ಕಡೆ ಇರ್ಬೇಕು, ಆ ಹೊತ್ತಲ್ಲಿ ಶ್ರುತಿ ಅಂದ್ರೆ ಅದೇ. ಆ ಹುಡುಗನೂ ನನ್ನ ಜೊತೆ ಏರಕ್ಕೆ ಹೋದ, ದನಿ ಒಡೀತು, ನಿಲ್ಲಿಸ್ದ. ನಾನು ಅವನ ಪಾಲಿನ ಉಸಿರಿನ ಜಾಗದಲ್ಲೂ ಹಾಡ್ತಾ ಹೋದೆ, ಎರಡು ಸಾಲು ಬಿಟ್ಟು ಅವನು ತಿರುಗಾ ಸೇರ್ಕೊಂಡ. ಮುಗಿದಾಗ 2 ನಿಮಿಷ 28 ಸೆಕೆಂಡು.

ಶಾಮಿಯಾನದ ಹಿಂದೆ ಕೇಸರಿಬಾತು, ಉಪ್ಪಿಟ್ಟು ಕೊಡ್ತಿದ್ರು. ಅವನು ಒಬ್ಬನೇ ಕಾಂಪೌಂಡ್ ಹತ್ರ ನಿಂತಿದ್ದ. ಹೋದೆ. "ಸಾರಿ ಆಂಟಿ, ದನಿ ಕೈಕೊಡ್ತು" ಅಂದ. "ನನಗೂ ಕೈಕೊಟ್ಟಿತ್ತು ಕಣೋ ಮರಿ, ಒಂಬತ್ತು ವರ್ಷ ಹಾಡೇ ಇರಲಿಲ್ಲ ನಾನು, ನೀನು ಎರಡೇ ಸಾಲಿಗೆ ವಾಪಸ್ ಬಂದೆ" ಅಂದೆ. ಗೃಹಪ್ರವೇಶದ ಕಥೆ ಪೂರ್ತಿ ಹೇಳ್ದೆ, ನನ್ನ ಮಗನಿಗೂ ನಾನು ಅಷ್ಟು ವಿವರವಾಗಿ ಹೇಳಿರಲಿಲ್ಲ. ಕೇಳ್ತಾ ಕೇಳ್ತಾ ಅವನು ತನ್ನ ದೊನ್ನೆಯಲ್ಲಿದ್ದ ಕೇಸರಿಬಾತಿನ ಗೋಡಂಬಿ ಎಲ್ಲ ಒಂದು ಕಡೆ ಸರಿಸಿ ನನ್ನ ಕಡೆ ಹಿಡ್ದ. "ತಗೊಳ್ಳಿ ಆಂಟಿ, ನಂಗೆ ಗೋಡಂಬಿ ಅಂದ್ರೆ ಇಷ್ಟ ಇಲ್ಲ" ಅಂದ. ಇಷ್ಟ ಇಲ್ಲ ಅಂದಿದ್ದು ಸುಳ್ಳು ಅಂತ ಅವರಮ್ಮ ಆಮೇಲೆ ಹೇಳಿದ್ರು.

ಈಗ ಅವನು ಎಸ್ಸೆಸ್ಸೆಲ್ಸಿ ಮುಗಿಸಿದಾನೆ. ದನಿ ನಿಂತಿದೆ, ಚೆನ್ನಾಗಿ ಕೆಳಗಿಳಿದು ನಿಂತಿದೆ, ಮಂದ್ರದ ಪಾ, ಅಂದ್ರೆ ಕೆಳಗಿನ ಸ್ಥಾಯಿಯ ಪಾ ಕೂಡ ಹಿಡೀತಾನೆ. ಹೋದ ತಿಂಗಳು ಮಿಸ್ಸು ಅವನನ್ನ ಹಿಂದಿನ ಸಾಲಿಗೆ, ಗಂಡಸರ ಜೊತೆಗೆ ಕಳಿಸಿದ್ರು. ಹೋಗೋವಾಗ ನನ್ನ ಪುಸ್ತಕದಲ್ಲಿ ಉಸಿರಿನ ಗುರುತುಗಳನ್ನ ಎಲ್ಲ ಅಳಿಸಿ ಹೊಸದಾಗಿ ಪೆನ್ಸಿಲಲ್ಲಿ ಹಾಕಿಕೊಟ್ಟ, ಪಕ್ಕದಲ್ಲಿ ಬೇರೆಯೋರು ನಿಲ್ತಾರೆ ಅಂತ. ನನ್ನ ಪಕ್ಕಕ್ಕೆ ಬಂದಿರೋದು ಎಂಟನೇ ಕ್ಲಾಸಿನ ಒಂದು ಪುಟ್ಟ ಹುಡುಗ, ಮೊನ್ನೆ ಭಾನುವಾರ ಮೊದಲನೇ ಸಲ ಅವನ ದನಿ ಕೀಚಲು ಬಂತು, ನೆಲ ನೋಡಕ್ಕೆ ಶುರು ಮಾಡ್ದ. ಹಿಂದಿನ ಸಾಲಿಂದ ಆ ದೊಡ್ಡ ಹುಡುಗ ಬಗ್ಗಿ ಅವನ ಭುಜ ತಟ್ಟಿ, "ಆಂಟಿ ಕೈ ನೋಡ್ತಿರೋ, ಅವರು ಬೆರಳು ಮಡಚಿದಾಗ ನೀನು ಹಾಡು" ಅಂದ. ನಾನು ಬೆರಳು ಮಡಚ್ತೀನಿ ಅಂತ ನನಗೆ ಅವತ್ತೇ ಗೊತ್ತಾಗಿದ್ದು.