ನೀರಿನಡಿ ಹೋದ ರೂಸ್ಟ್ರಿಂಗನ್ ನಾಡಿನ ಚರಿತ್ರೆ ಹುಡುಕುವುದು ಹೇಗೆ?

ಮೊದಲು ಉತ್ತರ ಜರ್ಮನಿಯ ಇವತ್ತಿನ ನಕ್ಷೆ ತೆಗೆಯಿರಿ. ವಿಲ್ಹೆಲ್ಮ್ಸ್‌ಹಾಫನ್ ಪಕ್ಕದಲ್ಲಿ ಯಾಡೆ ಕೊಲ್ಲಿ ಕಾಣುತ್ತದೆ. ಅಲ್ಲಿ ಈಗ ನೀರಿರುವ ಜಾಗದ ದೊಡ್ಡ ಪಾಲು ಹಿಂದೆ ಊರು, ಚರ್ಚು, ಹುಲ್ಲುಗಾವಲು. ಉತ್ತರ ಸಮುದ್ರದ ಕರಾವಳಿಯ ಜನರಾದ ಫ್ರೀಸಿಯನ್ನರ ರೂಸ್ಟ್ರಿಂಗನ್ ಇದೇ, ವೇಸರ್ ನದಿ ಸಮುದ್ರ ಸೇರುವ ಕಡೆಯವರೆಗೂ ಹರಡಿತ್ತು.

ರಾಜರ ಪಟ್ಟಿ ಹಿಡಿದು ಸುಮ್ನೆ ಒದ್ದಾಡಬೇಡಿ. 826ರಲ್ಲಿ ಫ್ರಾಂಕರ ಚಕ್ರವರ್ತಿ ಲೂಯಿ ಈ ನಾಡನ್ನು ಡೇನರ (ಡೆನ್ಮಾರ್ಕ್ ಜನರ) ರಾಜ ಹರಾಲ್ಡ್ ಕ್ಲಾಕ್‌ಗೆ ಉಂಬಳಿ ಕೊಟ್ಟಿದ್ದ, ಅದನ್ನು ಗುರುತು ಹಾಕಿಕೊಂಡು ಮುಂದೆ ಹೋಗಿ. ಆಮೇಲಿನ ಶತಮಾನಗಳಲ್ಲಿ ಇಲ್ಲಿ ಆಳಿದ್ದು ಜನರೇ ಆರಿಸಿದ ನ್ಯಾಯಗಾರರು. ಹಾಗಾಗಿ ನೀವು ಹುಡುಕಬೇಕಾದದ್ದು ಕಾನೂನಿನ ಬರಹ. ಸುಮಾರು 1300ರ ಹೊತ್ತಿನ, ಹಳೆಯ ಫ್ರೀಸಿಯನ್ ಭಾಷೆಯ 'ಆಸೆಗಾಬುಕ್' ಹಸ್ತಪ್ರತಿ ಈ ನಾಡಿನದೇ. ಯಾವ ಗಾಯಕ್ಕೆ ಎಷ್ಟು ದಂಡ ಅನ್ನುವುದರ ಲೆಕ್ಕ ಅದರಲ್ಲಿ ಓದಿದರೆ, ಆ ಜನ ಹೇಗೆ ಬದುಕಿದ್ದರು ಅನ್ನುವುದು ಯುದ್ಧದ ಕಥೆಗಳಿಗಿಂತ ಚೆನ್ನಾಗಿ ಗೊತ್ತಾಗುತ್ತದೆ. ನನಗಂತೂ ಇದೇ ಎಲ್ಲಕ್ಕಿಂತ ಇಷ್ಟ. ಬೇರೆ ಫ್ರೀಸಿಯನ್ ನಾಡುಗಳ ಜೊತೆಗಿನ ನಂಟು ತಿಳಿಯಬೇಕಾ? ಔರಿಖ್ ಊರಿನ ಹತ್ತಿರದ ಉಪ್‌ಸ್ಟಾಲ್ಸ್‌ಬೋಮ್ ಅನ್ನುವ ಜಾಗದಲ್ಲಿ ಈ ನಾಡುಗಳ ಪ್ರತಿನಿಧಿಗಳು ಸೇರುತ್ತಿದ್ದ ಸಭೆಗಳನ್ನು, ಅದರಲ್ಲೂ 1323ರ ಕಟ್ಟಳೆಗಳನ್ನು ನೋಡಿ.

ಆಮೇಲೆ ಪ್ರವಾಹಗಳನ್ನು ವರ್ಷದ ಪ್ರಕಾರ ಬರೆದುಕೊಳ್ಳಿ, ಯಾಕಂದ್ರೆ ಈ ನಾಡಿನ ಗಡಿ ಬದಲಾಯಿಸಿದ್ದು ಒಪ್ಪಂದಗಳಿಗಿಂತ ಜಾಸ್ತಿ ಸಮುದ್ರವೇ. 1362ರ ಜನವರಿಯ ಮಾರ್ಸೆಲಸ್ ಪ್ರವಾಹ, 1511ರ ಆಂಟನಿ ಪ್ರವಾಹ, ಇವೆರಡನ್ನು ಬಿಡಲೇಬೇಡಿ. ಕೊಲ್ಲಿ ಅಗಲವಾಗುತ್ತಾ ಹೋದ ಹಾಗೆ ನಾಡು ಒಡೆಯಿತು, ಆರಿಸಿದ ನ್ಯಾಯಗಾರರ ಜಾಗಕ್ಕೆ ಎಡೋ ವೀಮ್ಕೆನ್ ತರಹದ ಮುಖಂಡರು ಬಂದರು.

ಇಲ್ಲಿಂದ ಮುಂದೆ ಎರಡು ದಾರಿ ಹಿಡಿಯಬೇಕು. ಪೂರ್ವದ ಬುಟ್ಯಾಡಿಂಗನ್ 1514ರಲ್ಲಿ ಸೋತಿತು, ಮುಂದೆ ಅದರ ಕಥೆ ಪಕ್ಕದ ಸಂಸ್ಥಾನ ಓಲ್ಡನ್‌ಬರ್ಗ್ ಕಥೆಯೊಳಗೇ ಸಿಗುತ್ತದೆ. ಪಶ್ಚಿಮದ ಪಾಲಿಗೆ ಜೆವರ್ ಅನ್ನುವ ಊರಿನ ಹೆಸರಿನಲ್ಲಿ ಹುಡುಕಿ. ಅದು 1575ರಲ್ಲಿ ಓಲ್ಡನ್‌ಬರ್ಗ್‌ಗೆ ಹೋಗಿ, ಕೈ ಬದಲಾಗುತ್ತಾ 1793ರಲ್ಲಿ ರಷ್ಯಾದ ರಾಣಿ ಕ್ಯಾಥರೀನ್ ಪಾಲಾಯಿತು! ವಿಚಿತ್ರ ಅಲ್ವಾ?

ಒಂದು ಎಚ್ಚರ: 'ರೂಸ್ಟ್ರಿಂಗನ್' ಅಂತ ಹುಡುಕಿದಾಗ 1911ರಲ್ಲಿ ಹುಟ್ಟಿ 1937ರಲ್ಲಿ ವಿಲ್ಹೆಲ್ಮ್ಸ್‌ಹಾಫನ್‌ಗೆ ಸೇರಿಹೋದ ಪಟ್ಟಣವೂ ಬರುತ್ತದೆ. ಹಳೆಯ ಹೆಸರು, ಆದರೆ ಊರು ಹೊಸದು. ಅದನ್ನು ಪಕ್ಕಕ್ಕಿಡಿ.