ಊರಿನ ಪುಟದಿಂದ ಲೋಕದ ಪುಸ್ತಕಕ್ಕೆ: ಸಮಾಜ, ಶಿಕ್ಷಣ, ಸಂಸ್ಕೃತಿಗಳ ಕುರಿತ ಕೃತಿಗಳನ್ನು ಓದುವ ಬಗೆ

ಸಮಾಜ, ಶಿಕ್ಷಣ ಮತ್ತು ಲೋಕದ ನಾನಾ ಸಂಸ್ಕೃತಿಗಳ ಕುರಿತ ಪುಸ್ತಕಗಳನ್ನು ಉತ್ಸಾಹದಿಂದ ಕೈಗೆತ್ತಿಕೊಂಡವರಲ್ಲಿ ಅನೇಕರು ಎರಡನೆಯ ಅಧ್ಯಾಯ ಮುಗಿಯುವ ಮೊದಲೇ ಅವನ್ನು ಬದಿಗಿಡುತ್ತಾರೆ. ವಿಷಯ ಕಠಿಣವಾಗಿರುವುದು ಇದಕ್ಕೆ ಒಂದು ಕಾರಣವಿರಬಹುದು. ಆದರೆ ಬರೆದವರ ಮಾತನ್ನು ಒರೆಗೆ ಹಚ್ಚಲು ಓದುಗನ ಕೈಯಲ್ಲಿ ಏನೂ ಇಲ್ಲದಿರುವುದೇ ಮುಖ್ಯ ಕಾರಣವೆಂದು ನನಗೆ ತೋರುತ್ತದೆ. ಪೆಸಿಫಿಕ್ ಸಾಗರದ ಯಾವುದೋ ದ್ವೀಪದಲ್ಲಿ ಮದುವೆ ಹೇಗೆ ನಡೆಯುತ್ತದೆ ಎಂದು ಬರೆದಿದ್ದರೆ ಅದನ್ನು ನಂಬಬೇಕು, ಇಲ್ಲವೇ ಪುಸ್ತಕ ಮುಚ್ಚಬೇಕು. ಹಾಗಾಗಿ ಕಾರವಾರ, ಕುಮಟಾ, ಶಿರಸಿ, ಯಲ್ಲಾಪುರ ಕಡೆಯ ಓದುಗರಿಗೆ ನಾನು ಸೂಚಿಸುವ ಕ್ರಮ ಹೀಗಿದೆ: ಮೊದಲು ನಮ್ಮದೇ ಉತ್ತರ ಕನ್ನಡ ಜಿಲ್ಲೆಯ ಬಗ್ಗೆ ಹೊರಗಿನವರು ಬರೆದ ಕೆಲವು ಪುಟಗಳನ್ನು ಓದಿ, ಬರೆದವರನ್ನು ಪ್ರಶ್ನಿಸುವ ರೂಢಿಯನ್ನು ಅಲ್ಲಿ ಬೆಳೆಸಿಕೊಂಡು, ಅವೇ ಪ್ರಶ್ನೆಗಳನ್ನು ಹಿಡಿದು ದೂರದ ದೇಶಗಳ ಪುಸ್ತಕಗಳಿಗೆ ಹೋಗಬೇಕು.

ಇಂಥ ಅಭ್ಯಾಸಕ್ಕೆ ರೋಮ್ ನಗರದ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ 1623ರಲ್ಲಿ ಬರೆದ ಪತ್ರಕ್ಕಿಂತ ಒಳ್ಳೆಯ ಆರಂಭ ನನಗೆ ತಿಳಿದಿಲ್ಲ. ಇಕ್ಕೇರಿಯ ವೆಂಕಟಪ್ಪ ನಾಯಕನಲ್ಲಿಗೆ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯ ತಂಡವನ್ನು ಸೇರಿಕೊಂಡು ಆತ ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆಗೆ ಬಂದು ಘಟ್ಟ ಹತ್ತಿದ. ದಾರಿಯಲ್ಲಿ ದೇವಸ್ಥಾನವೊಂದರ ಜಗಲಿಯಲ್ಲಿ ತಂಗಿದ್ದಾಗ ನಾಲ್ವರು ಹುಡುಗರು ಲೆಕ್ಕ ಕಲಿಯುವುದನ್ನು ಕಂಡು ವಿವರವಾಗಿ ಬರೆದಿಟ್ಟ. ನೆಲದ ಮೇಲೆ ನುಣ್ಣನೆಯ ಮರಳು ಹರಡಿತ್ತು. ಒಬ್ಬ ಹುಡುಗ ಪಾಠದ ಒಂದು ಭಾಗವನ್ನು ರಾಗವಾಗಿ ಹೇಳುತ್ತಾ ಬೆರಳಿನಿಂದ ಮರಳಿನಲ್ಲಿ ಬರೆಯುತ್ತಿದ್ದ. ಉಳಿದ ಮೂವರು ಅದನ್ನೇ ಹಾಡಿ ಅದನ್ನೇ ಬರೆಯುತ್ತಿದ್ದರು. ನೆಲ ತುಂಬಿದಾಗ ಅಳಿಸಿ, ಬೇಕೆನಿಸಿದರೆ ಹೊಸ ಮರಳು ಹರಡಿ ಮುಂದುವರಿಯುತ್ತಿದ್ದರು. ಗುರು ಹತ್ತಿರವಿಲ್ಲ, ಮರೆತರೆ ತಿದ್ದುವವರು ಯಾರು ಎಂದು ಆತ ಕೇಳಿದ್ದಕ್ಕೆ, ನಾಲ್ವರೂ ಒಂದೇ ಕಡೆ ತಪ್ಪುವುದು ಸಾಧ್ಯವಿಲ್ಲ, ಒಬ್ಬ ತಪ್ಪಿದರೆ ಇನ್ನೊಬ್ಬ ತಿದ್ದುತ್ತಾನೆ, ಅದಕ್ಕಾಗಿಯೇ ಕೂಡಿ ಕಲಿಯುತ್ತೇವೆ ಎಂಬ ಅರ್ಥದ ಉತ್ತರ ಬಂತು. ಸುಮಾರು 170 ವರ್ಷಗಳ ನಂತರ ಮದ್ರಾಸಿನಲ್ಲಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಮರಳಿನ ಮೇಲೆ ಬರೆಯುವ ಈ ದೇಶದ ಮಕ್ಕಳನ್ನು ನೋಡಿಯೇ ತನ್ನ ಶಾಲೆಯಲ್ಲಿ ಆ ಕ್ರಮವನ್ನು ತಂದು, 1797ರಲ್ಲಿ ಅದರ ವರದಿಯನ್ನು ಪ್ರಕಟಿಸಿದ; ವಿದ್ಯಾರ್ಥಿಗಳೇ ವಿದ್ಯಾರ್ಥಿಗಳಿಗೆ ಕಲಿಸುವ ಪದ್ಧತಿ ಇಂಗ್ಲೆಂಡಿನ ಶಾಲೆಗಳಲ್ಲಿ ಹರಡಿದ್ದು ಆಮೇಲೆ.

ಈ ಪುಟವನ್ನು ಎರಡು ಸಲ ಓದಿರಿ. ಮೊದಲ ಓದಿನಲ್ಲಿ ಲೇಖಕ ಕಣ್ಣಾರೆ ಕಂಡದ್ದು ಯಾವುದು, ಕೇಳಿ ತಿಳಿದದ್ದು ಯಾವುದು, ಊಹಿಸಿದ್ದು ಯಾವುದು ಎಂಬುದನ್ನು ಪೆನ್ಸಿಲಿನಿಂದ ಗುರುತಿಸಿ. ಮರಳು, ಬೆರಳು, ರಾಗ ಇವು ಕಂಡವು. ತಪ್ಪು ತಿದ್ದುವ ಮಾತು ಕೇಳಿದ್ದು. ರಾಗವಾಗಿ ಹೇಳಿದ್ದು ಮನಸ್ಸಿನಲ್ಲಿ ಆಳವಾಗಿ ನಿಲ್ಲುತ್ತದೆ ಎಂಬುದು ಆತನ ಸ್ವಂತ ಅಭಿಪ್ರಾಯ. ಎರಡನೆಯ ಓದಿನಲ್ಲಿ ಪುಟದಲ್ಲಿ ಇಲ್ಲದ್ದನ್ನು ಹುಡುಕಿ. ನಾಲ್ವರೂ ಹುಡುಗರೇ, ಹೆಣ್ಣುಮಕ್ಕಳ ಸುದ್ದಿಯಿಲ್ಲ. ಆ ಜಗಲಿ ಹತ್ತಲು ಯಾರಿಗೆ ಅವಕಾಶವಿತ್ತು, ಯಾರಿಗೆ ಇರಲಿಲ್ಲ ಎಂಬುದನ್ನು ದಾರಿಹೋಕನಾದ ಆತ ವಿಚಾರಿಸುವುದಿಲ್ಲ. ಹಾಗೆಂದು ಆತನ ಬರಹ ಸುಳ್ಳಾಗುವುದಿಲ್ಲ. ಒಂದು ತಂಗುದಾಣದಲ್ಲಿ ಕಂಡ ನಾಲ್ವರನ್ನು ಹಿಡಿದು ಇಡೀ ನಾಡಿನ ಶಿಕ್ಷಣ ಹೀಗಿತ್ತು ಎಂದು ಮುಂದೆ ಯಾರಾದರೂ ಬರೆದರೆ, ಅಲ್ಲಿ ನೀವು ಎಚ್ಚರವಾಗಬೇಕು.

ಇದೇ ಬಗೆಯ ಇನ್ನೊಂದು ಪುಟ ರವೀಂದ್ರನಾಥ ಠಾಕೂರರ ಆತ್ಮಕಥನ ‘ಜೀವನಸ್ಮೃತಿ’ಯಲ್ಲಿದೆ. ಅವರ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ಠಾಕೂರರು ಅಲ್ಲಿಗೆ ಬಂದಿದ್ದರು. ಗಾಳಿಮರಗಳ ತೋಪು, ಕಾಳಿ ನದಿ, ಬೆಳದಿಂಗಳಲ್ಲಿ ದೋಣಿ ಪಯಣ, ನದಿಯ ಮೇಲುಭಾಗದಲ್ಲಿ ಇಳಿದು ಒಬ್ಬ ರೈತನ ಗುಡಿಸಿದ ಅಂಗಳದಲ್ಲಿ ಕುಳಿತು ತಂದಿದ್ದ ಬುತ್ತಿ ಉಂಡದ್ದು, ಇವೆಲ್ಲ ಅಲ್ಲಿ ಬರುತ್ತವೆ. ಅಂಗಳದ ಮನೆಯವರ ಒಂದು ಮಾತೂ ಬರುವುದಿಲ್ಲ. ಕವಿಯ ನೆನಪಿನ ಬರಹದಲ್ಲಿ ಅದನ್ನು ಕೊರತೆ ಎನ್ನಲಾಗದು. ಸಮಾಜಶಾಸ್ತ್ರದ ಪುಸ್ತಕದಲ್ಲಿ ಹಾಗಾದರೆ ಮಾತ್ರ ಅದು ಕೊರತೆಯೇ. ಪುಸ್ತಕ ಯಾವ ಜಾತಿಯದೆಂದು ತಿಳಿದ ಮೇಲೆಯೇ ಅದರಿಂದ ಏನನ್ನು ನಿರೀಕ್ಷಿಸಬಹುದು ಎಂಬುದು ಗೊತ್ತಾಗುತ್ತದೆ.

ಮೂರನೆಯ ಅಭ್ಯಾಸ ಸ್ವಲ್ಪ ಕಹಿಯಾದದ್ದು. 1862ರಲ್ಲಿ ನಮ್ಮ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದ್ದರಿಂದ, 1883ರಲ್ಲಿ ಪ್ರಕಟವಾದ ಮುಂಬಯಿ ಪ್ರಾಂತದ ಗ್ಯಾಸೆಟಿಯರ್ ಎಂಬ ಸರ್ಕಾರಿ ವಿವರಗ್ರಂಥದ ಹದಿನೈದನೆಯ ಸಂಪುಟ, ಆಗ ಕೆನರಾ ಎಂದು ಕರೆಯುತ್ತಿದ್ದ ನಮ್ಮ ಜಿಲ್ಲೆಗೇ ಪೂರ್ತಿಯಾಗಿ ಮೀಸಲಾಗಿದೆ. ಅದರಲ್ಲಿ ಒಂದೊಂದು ಸಮುದಾಯದ ಮೈಬಣ್ಣ, ಮನೆ, ಊಟ, ಉಡುಗೆ, ಸ್ವಭಾವಗಳನ್ನು ಒಂದೇ ಅಚ್ಚಿನಲ್ಲಿ ವಿವರಿಸಲಾಗಿದೆ. ನಿಮ್ಮ ಸಮುದಾಯದ ನಮೂದನ್ನು ಓದಿ, ಅದಕ್ಕೆ ಅಂಟಿಸಿರುವ ಗುಣವಾಚಕಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಆಮೇಲೆ ನೆರೆಯವರ ನಮೂದನ್ನು ಓದಿ, ಅದನ್ನೂ ಬರೆದುಕೊಳ್ಳಿ. ತನ್ನವರ ಬಗ್ಗೆ ಒಂದು ಸಾಲಿನಲ್ಲಿ ತೀರ್ಪು ಕೊಟ್ಟಾಗ ರೇಗುವ ಓದುಗ, ನೆರೆಯವರ ಬಗ್ಗೆ ಅದೇ ಧಾಟಿಯ ತೀರ್ಪನ್ನು ಹೌದಲ್ಲ ಎಂದು ಒಪ್ಪಿಬಿಡುವುದುಂಟು. ಆಫ್ರಿಕಾದ ಬುಡಕಟ್ಟು, ಅರೇಬಿಯಾದ ವ್ಯಾಪಾರಿ, ಜಪಾನಿನ ತಾಯಿ ಇಂಥ ಏಕವಚನದ ವರ್ಣನೆಗಳನ್ನು ಇನ್ನು ಮುಂದೆ ಓದುವಾಗ ಆ ಎರಡು ಪಟ್ಟಿಗಳು ನೆನಪಾದರೆ ಸಾಕು. ಆದರೆ ಬೆಳೆ, ಬಂದರು, ತೆರಿಗೆ, ದಾರಿಗಳ ಬಗ್ಗೆ ಆ ಸಂಪುಟ ಕೊಡುವ ಮಾಹಿತಿಯನ್ನು ಬಿಟ್ಟುಬಿಡಬಾರದು. ಅಧಿಕಾರಿಗಳಿಗೆ ನಿಜಕ್ಕೂ ಬೇಕಾಗಿದ್ದ ಸಂಗತಿಗಳವು, ಹಾಗಾಗಿ ಅಲ್ಲಿ ಶ್ರಮ ಹೆಚ್ಚಿದೆ.

ಇಷ್ಟಾದ ಮೇಲೆ ದೊಡ್ಡ ಪುಸ್ತಕಗಳಿಗೆ ಹೋಗಬಹುದು. ಪುಸ್ತಕವನ್ನು ಆರಿಸುವಾಗ ಬೆನ್ನುಡಿಯ ಹೊಗಳಿಕೆಯನ್ನು ಬಿಟ್ಟು ಮುನ್ನುಡಿ, ಕೃತಜ್ಞತೆಯ ಪುಟ ಮತ್ತು ಕೊನೆಯ ಪದಸೂಚಿಯನ್ನು ನೋಡಿರಿ. ಲೇಖಕರು ಆ ಜನರ ನಡುವೆ ಎಷ್ಟು ಕಾಲ ಇದ್ದರು, ಅವರ ಭಾಷೆ ಬಲ್ಲವರೇ, ಯಾರ ಮನೆಯಲ್ಲಿ ಉಳಿದಿದ್ದರು, ಯಾರ ಮೂಲಕ ಪರಿಚಯ ಮಾಡಿಕೊಂಡರು ಎಂಬುದು ಸಾಮಾನ್ಯವಾಗಿ ಅಲ್ಲಿಯೇ ಸಿಗುತ್ತದೆ. ಮೈಸೂರಿನ ಬಳಿಯ ಹಳ್ಳಿಯ ಕುರಿತು ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು ಬರೆದ ‘ದಿ ರಿಮೆಂಬರ್ಡ್ ವಿಲೇಜ್’ ಇದಕ್ಕೆ ಒಳ್ಳೆಯ ಉದಾಹರಣೆ. ಅವರು ಹಳ್ಳಿಯಲ್ಲಿ ಉಳಿದದ್ದು 1948ರಲ್ಲಿ. ಸಿದ್ಧಪಡಿಸಿಟ್ಟಿದ್ದ ಟಿಪ್ಪಣಿಗಳು 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಹತ್ತಿದ ಬೆಂಕಿಗೆ ಆಹುತಿಯಾದವು. 1976ರಲ್ಲಿ ಪ್ರಕಟವಾದ ಪುಸ್ತಕವನ್ನು ಹೆಚ್ಚಾಗಿ ನೆನಪಿನಿಂದ ಬರೆದರು. ಹಳ್ಳಿಯಲ್ಲಿ ಅವರು ತಂಗಿದ್ದು ಊರ ಪಟೇಲರ ಎತ್ತಿನ ಮನೆಯಲ್ಲಿ. ಈ ಸಂಗತಿಗಳನ್ನು ಅವರೇ ಮುಚ್ಚಿಡದೆ ಹೇಳಿರುವುದರಿಂದ, ಪಟೇಲರ ಸ್ನೇಹಿತನಿಗೆ ಕಾಣುವ ಊರು ಯಾವುದು, ಕಾಣದೆ ಉಳಿಯುವ ಕೇರಿ ಯಾವುದು ಎಂದು ಓದುಗ ತಾನೇ ಲೆಕ್ಕ ಹಾಕಬಹುದು. ನಿಂತ ಜಾಗವನ್ನು ಹೇಳಿಕೊಳ್ಳದ ಲೇಖಕರಿಗಿಂತ ಹೇಳಿಕೊಂಡವರನ್ನು ನಾನು ಹೆಚ್ಚು ನಂಬುತ್ತೇನೆ.

ಅಂಕಿಸಂಖ್ಯೆ ಬಂದ ಕಡೆ ಪುಟ ಹಾರಿಸುವುದು ಹಲವರ ರೂಢಿ. ಶಿಕ್ಷಣದ ಪುಸ್ತಕಗಳಲ್ಲಿ ಹೀಗೆ ಮಾಡಿದರೆ ಮುಖ್ಯ ವಾದವೇ ಕೈತಪ್ಪುತ್ತದೆ. ಮದ್ರಾಸಿನ ಗವರ್ನರ್ ಆಗಿದ್ದ ಥಾಮಸ್ ಮನ್ರೋ 1822ರಲ್ಲಿ ಆ ಪ್ರಾಂತದ ದೇಶೀ ಶಾಲೆಗಳ ಸಮೀಕ್ಷೆಗೆ ಆದೇಶಿಸಿ, 1826ರ ತನ್ನ ಟಿಪ್ಪಣಿಯಲ್ಲಿ 12,498 ಶಾಲೆಗಳು, 1,88,650 ವಿದ್ಯಾರ್ಥಿಗಳು ಎಂದು ಬರೆದ. ಒಟ್ಟು ಜನಸಂಖ್ಯೆಗೆ ಹೋಲಿಸಿದರೆ 67 ಜನರಿಗೆ ಒಬ್ಬ ವಿದ್ಯಾರ್ಥಿ ಎಂದಾಯಿತು. ಅದೇ ಟಿಪ್ಪಣಿಯಲ್ಲಿ ಆತ ಐದರಿಂದ ಹತ್ತು ವರ್ಷದ ಗಂಡುಮಕ್ಕಳನ್ನಷ್ಟೇ ಎಣಿಸಿ, ಮನೆಯಲ್ಲಿ ಕಲಿಯುವವರನ್ನೂ ಅಂದಾಜಿನಲ್ಲಿ ಸೇರಿಸಿ, ಕಲಿಯುವವರ ಪ್ರಮಾಣ ನಾಲ್ಕನೆಯ ಒಂದು ಭಾಗಕ್ಕಿಂತ ಮೂರನೆಯ ಒಂದು ಭಾಗಕ್ಕೆ ಹತ್ತಿರ ಎಂದೂ ಹೇಳಿದ. ಹಳೆಯ ಶಿಕ್ಷಣ ಕ್ಷೀಣವಾಗಿತ್ತು ಎನ್ನುವವರಿಗೆ ಮೊದಲ ಲೆಕ್ಕ ಒದಗುತ್ತದೆ. ಸಮೃದ್ಧವಾಗಿತ್ತು ಎನ್ನುವವರಿಗೆ ಎರಡನೆಯದು. ಈ ದಾಖಲೆಗಳನ್ನು ಒಟ್ಟುಗೂಡಿಸಿ 1983ರಲ್ಲಿ ‘ದಿ ಬ್ಯೂಟಿಫುಲ್ ಟ್ರೀ’ ಪ್ರಕಟಿಸಿದ ಧರಂಪಾಲರ ಪುಸ್ತಕವನ್ನು ತೆರೆದರೆ ನಮ್ಮವರಿಗೆ ಇನ್ನೊಂದು ಸಂಗತಿ ಕಾಣುತ್ತದೆ. ಆಗ ಉತ್ತರ ಕನ್ನಡವೂ ಸೇರಿದ್ದ ಕೆನರಾ ಜಿಲ್ಲೆಯ ಅಂಕಿಗಳು ಕೋಷ್ಟಕದಲ್ಲಿಲ್ಲ. ಇಲ್ಲಿ ಕಲಿಕೆ ಖಾಸಗಿಯಾಗಿ ನಡೆಯುತ್ತದೆ, ಮಾಹಿತಿ ಸಂಗ್ರಹಿಸಲು ಬಹಳ ಕಾಲ ಹಿಡಿಯುತ್ತದೆ ಎಂಬ ಧಾಟಿಯಲ್ಲಿ ಕಲೆಕ್ಟರರು ಉತ್ತರಿಸಿದ್ದರು. ಯಾವುದೇ ಕೋಷ್ಟಕ ಎದುರಾದಾಗ ಛೇದದಲ್ಲಿ, ಅಂದರೆ ಭಾಗಿಸಲು ಬಳಸಿದ ಒಟ್ಟು ಸಂಖ್ಯೆಯಲ್ಲಿ, ಯಾರನ್ನು ಎಣಿಸಿದ್ದಾರೆ, ಯಾವ ಸಾಲು ಖಾಲಿಯಿದೆ ಎಂಬ ಎರಡನ್ನು ನೋಡಿದರೆ ಗಣಿತ ಬಾರದವರೂ ಅರ್ಧ ದಾರಿ ಸಾಗಿದಂತೆ.

ವಿವಾದವಿರುವ ವಿಷಯದಲ್ಲಿ ಒಂದೇ ಪುಸ್ತಕವನ್ನು ಓದಿ ನಿಲ್ಲಬೇಡಿ. ಅಮೆರಿಕದ ಮಾನವಶಾಸ್ತ್ರಜ್ಞೆ ಮಾರ್ಗರೆಟ್ ಮೀಡ್ 1925–26ರಲ್ಲಿ ಪೆಸಿಫಿಕ್ ಸಾಗರದ ಸಮೋವಾ ದ್ವೀಪಗಳಲ್ಲಿ ಕೆಲವು ತಿಂಗಳು ಇದ್ದು, ಅಲ್ಲಿನ ಹದಿಹರೆಯದ ಹುಡುಗಿಯರ ಬದುಕು ಅಮೆರಿಕದವರಷ್ಟು ತೊಳಲಾಟದ್ದಲ್ಲ ಎಂದು 1928ರಲ್ಲಿ ಬರೆದರು. ಇನ್ನೊಬ್ಬ ಮಾನವಶಾಸ್ತ್ರಜ್ಞ ಡೆರೆಕ್ ಫ್ರೀಮನ್ 1983ರಲ್ಲಿ, ಅಂದರೆ ಮೀಡ್ ತೀರಿಕೊಂಡ ಐದು ವರ್ಷಗಳ ಬಳಿಕ, ಅದನ್ನು ಪೂರ್ತಿ ಅಲ್ಲಗಳೆಯುವ ಪುಸ್ತಕ ತಂದರು. ಆಮೇಲೆ ಫ್ರೀಮನ್ನರ ವಾದವನ್ನೂ ಹಲವರು ಟೀಕಿಸಿದರು. ಮೀಡ್ ಮಾತನಾಡಿಸಿದ್ದು ಹುಡುಗಿಯರನ್ನು. ಫ್ರೀಮನ್ ಹೆಚ್ಚಾಗಿ ಹಿರಿಯ ಗಂಡಸರ ವಲಯದಲ್ಲಿದ್ದವರು, ಅದೂ ಬೇರೆ ಕಾಲದಲ್ಲಿ, ಬೇರೆ ದ್ವೀಪದಲ್ಲಿ. ತಾಳಮದ್ದಲೆ ಕೇಳಿ ಬೆಳೆದ ನಮಗೆ ಇದು ಹೊಸತಾಗಬಾರದು: ಕರ್ಣನ ಅರ್ಥ ಕೇಳುವಾಗ ಕರ್ಣನೇ ಸರಿ, ಕೃಷ್ಣ ಎದುರಾಡಿದಾಗ ಕೃಷ್ಣನೇ ಸರಿ ಎನಿಸಿದರೂ, ಪ್ರಸಂಗ ಮುಗಿದ ಮೇಲೆ ಯಾರು ಯಾವ ಮಾತನ್ನು ಉತ್ತರಿಸದೆ ದಾಟಿಸಿದರು ಎಂಬುದನ್ನೇ ಅಲ್ಲವೇ ದಾರಿಯುದ್ದಕ್ಕೂ ಚರ್ಚಿಸುವುದು? ಎರಡು ಪುಸ್ತಕಗಳ ನಡುವೆಯೂ ಅದನ್ನೇ ಹುಡುಕಿ.

ಟಿಪ್ಪಣಿ ಮಾಡುವುದಕ್ಕೆ ದೊಡ್ಡ ವಿಧಾನ ಬೇಕಿಲ್ಲ. ನೋಟ್‌ಬುಕ್ಕಿನ ಎಡಪುಟದಲ್ಲಿ ಲೇಖಕರ ಮಾತು ಪುಟಸಂಖ್ಯೆಯೊಡನೆ, ಬಲಪುಟದಲ್ಲಿ ನಿಮ್ಮ ಅನುಮಾನ. ಎರಡನ್ನು ಬೆರೆಸಬಾರದು ಎಂಬುದೊಂದೇ ನಿಯಮ.

ಪುಸ್ತಕ ಸಿಗುವ ಬಗ್ಗೆಯೂ ಹೇಳಬೇಕು. ಜಿಲ್ಲಾ ಮತ್ತು ತಾಲೂಕು ಗ್ರಂಥಾಲಯಗಳಲ್ಲಿ, ಈಗ ಅರಿವು ಕೇಂದ್ರವೆಂದು ಕರೆಯುವ ಗ್ರಾಮ ಪಂಚಾಯತ್ ಗ್ರಂಥಾಲಯಗಳಲ್ಲಿ ವಿಚಾರಿಸಿ. ಗ್ಯಾಸೆಟಿಯರ್ ಹಾಗೂ ದೆಲ್ಲಾ ವಾಲೆಯ ಪತ್ರಗಳ ಇಂಗ್ಲಿಷ್ ಅನುವಾದ, ಇವೆರಡೂ ಹಕ್ಕುಸ್ವಾಮ್ಯದ ಅವಧಿ ಮುಗಿದವಾದ್ದರಿಂದ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ದೊರೆಯುತ್ತವೆ. ಇಂಗ್ಲಿಷ್ ತೊಡಕೆನಿಸುವವರು ನವಕರ್ನಾಟಕ, ನ್ಯಾಷನಲ್ ಬುಕ್ ಟ್ರಸ್ಟ್, ಹೆಗ್ಗೋಡಿನ ಅಕ್ಷರ ಪ್ರಕಾಶನ, ಕುವೆಂಪು ಭಾಷಾ ಭಾರತಿ ಪ್ರಾಧಿಕಾರಗಳ ಪಟ್ಟಿಗಳನ್ನು ನೋಡಬಹುದು. ಕನ್ನಡದಲ್ಲಿ ಓದಿದರೆ ಓದು ಕಡಿಮೆಯಾಯಿತು ಎಂದು ಭಾವಿಸುವುದು ವ್ಯರ್ಥ ಸಂಕೋಚ. ಅನುವಾದ ಪೂರ್ಣವೋ ಸಂಗ್ರಹವೋ ಎಂಬುದನ್ನು ಮಾತ್ರ ಮೊದಲೇ ನೋಡಿಕೊಳ್ಳಿ.

ಒಬ್ಬರೇ ಓದುವುದಕ್ಕಿಂತ ನಾಲ್ಕಾರು ಜನ ಸೇರಿ ಓದುವುದು ಮೇಲು. ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ ಜೂನ್, ಜುಲೈ ಒಳ್ಳೆಯ ಕಾಲ. ಘಟ್ಟದ ಮೇಲೆ ಕೊಳೆಮದ್ದು ಹೊಡೆಯುವ ದಿನಗಳನ್ನು ತಪ್ಪಿಸಿಕೊಂಡರೆ ಮಳೆಗಾಲವೇ ಸರಿ, ಅಡಿಕೆ ಕೊಯ್ಲು ಶುರುವಾದ ಮೇಲೆ ಯಾರೂ ಕೂಟಕ್ಕೆ ಸಿಗುವುದಿಲ್ಲ. ಒಂದು ಸಲಕ್ಕೆ ಒಂದೇ ಅಧ್ಯಾಯ ಇಟ್ಟುಕೊಳ್ಳಿ. ಒಬ್ಬರು ಲೇಖಕರ ಪರವಾಗಿ, ಇನ್ನೊಬ್ಬರು ವಿರುದ್ಧವಾಗಿ ಮಾತನಾಡಲಿ, ಮುಂದಿನ ಸಲ ಪಾತ್ರ ಬದಲಾಗಲಿ. ಕೂಟದಲ್ಲಿ ನಿವೃತ್ತ ಶಿಕ್ಷಕರಿದ್ದರೆ ಅವರನ್ನು ಅಧ್ಯಕ್ಷರನ್ನಾಗಿ ಮಾಡದಿರುವುದು ಒಳ್ಳೆಯದು. ಎಲ್ಲರೂ ಅವರ ಮುಖ ನೋಡಿ ಮಾತನಾಡತೊಡಗುತ್ತಾರೆ.

ನಮ್ಮ ಜಿಲ್ಲೆಯಲ್ಲೇ ಲೋಕದ ಹಲವು ಸಂಸ್ಕೃತಿಗಳಿರುವುದು ಅನುಕೂಲವೂ ಹೌದು, ಎಚ್ಚರ ಬೇಕಾದ ವಿಷಯವೂ ಹೌದು. ಮುಂಡಗೋಡದ ಟಿಬೆಟನ್ ನೆಲೆಯಲ್ಲಿ ಗಾದೆನ್ ಮತ್ತು ದ್ರೆಪುಂಗ್ ವಿಹಾರಗಳಿವೆ. ಚಪ್ಪಾಳೆ ತಟ್ಟಿ ಪ್ರಶ್ನೆ ಎಸೆಯುವ ಭಿಕ್ಷುಗಳ ವಾದಾಭ್ಯಾಸದ ಬಗ್ಗೆ ಓದಿದವರು ಅದನ್ನು ಶಿಷ್ಟಾಚಾರ ಕೇಳಿಕೊಂಡು ಹೋಗಿ ನೋಡಬಹುದು. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಜನರ ಬಗ್ಗೆ ಆಫ್ರಿಕಾ ಮೂಲದ ಚರಿತ್ರೆಯ ಪುಸ್ತಕಗಳಲ್ಲಿ ಅಧ್ಯಾಯಗಳಿವೆ. ಅಂಥದ್ದನ್ನು ಓದಿಕೊಂಡು ಅವರ ಕೇರಿಗೆ ಹೋಗಿ ನಿಮ್ಮ ಪೂರ್ವಜರು ಹೀಗಂತೆ ಎಂದು ಪರೀಕ್ಷೆ ನಡೆಸಬಾರದು. ಸಿದ್ದಿ ಸಮುದಾಯದಲ್ಲಿ ಓದಿದವರು, ರಂಗಭೂಮಿಯಲ್ಲಿ ಹೆಸರು ಮಾಡಿದವರು ಇದ್ದಾರೆ. ಅವರನ್ನು ಕೂಟಕ್ಕೆ ಅತಿಥಿಯಾಗಿ ಕರೆಯುವ ಬದಲು ಓದುಗರಾಗಿ ಕರೆದು, ಆ ಅಧ್ಯಾಯವನ್ನು ಅವರ ಕೈಗೆ ಕೊಟ್ಟು, ಯಾವ ಸಾಲಿಗೆ ಅವರು ಗೆರೆ ಎಳೆಯುತ್ತಾರೆಂದು ನೋಡುವುದು ಸರಿಯಾದ ಕ್ರಮ.

ಎಲ್ಲಿಂದ ಶುರು ಮಾಡಲಿ ಎಂದು ಕೇಳುವವರು ದೆಲ್ಲಾ ವಾಲೆಯ ಆ ಪುಟ ಮತ್ತು ಗ್ಯಾಸೆಟಿಯರಿನ ಜನಸಮುದಾಯಗಳ ಅಧ್ಯಾಯವನ್ನು ಮುಗಿಸಿ ಶ್ರೀನಿವಾಸರಿಗೆ ಹೋಗಲಿ. ಶಿಕ್ಷಣಕ್ಕೆ, ಟೋಕಿಯೋದ ಪುಟ್ಟ ಶಾಲೆಯೊಂದರ ಕತೆಯಾದ, ಕನ್ನಡದಲ್ಲೂ ಸಿಗುವ ‘ತೊತ್ತೋ ಚಾನ್’ ಸುಲಭವಾದದ್ದು. ಅದರ ಮಾಧುರ್ಯ ಹೆಚ್ಚಾಯಿತು ಎನಿಸಿದರೆ, ಇಟಲಿಯ ಬಾರ್ಬಿಯಾನಾ ಎಂಬ ಬೆಟ್ಟದ ಹಳ್ಳಿಯ ಎಂಟು ಹುಡುಗರು ತಮ್ಮಂಥವರನ್ನು ನಪಾಸು ಮಾಡುವ ಶಾಲೆಯ ವಿರುದ್ಧ ಅಂಕಿಸಂಖ್ಯೆ ಸಮೇತ ಬರೆದು 1967ರಲ್ಲಿ ಪ್ರಕಟಿಸಿದ ಪತ್ರರೂಪದ ಪುಸ್ತಕವನ್ನು ಅದರ ಪಕ್ಕದಲ್ಲಿಟ್ಟು ಓದಿರಿ. ಮೀಡ್ ಮತ್ತು ಫ್ರೀಮನ್ ಎರಡನೆಯ ಮಳೆಗಾಲಕ್ಕಿರಲಿ.